ಶಿವಕ್ಕ ಕೇಳಿದ ಹಲಗೆಗಳು

ಲಿವೋನಿಯಾದ ಮನೆಯ ಹಿತ್ತಿಲಲ್ಲಿದ್ದ ವಾಲ್‌ನಟ್ ಮರ ಮೇ ತಿಂಗಳ ಬಿರುಗಾಳಿಗೆ ಬುಡಸಮೇತ ಮಗುಚಿತು. ಬೇಲಿ ಮುರಿಯಿತು, ಪಕ್ಕದ ಮನೆಯವರು ಹಿತ್ತಿಲಲ್ಲಿ ಅಡಿಗೆ ಸುಡುವ ಗ್ರಿಲ್ ಅಪ್ಪಚ್ಚಿಯಾಯಿತು, ಯಾರಿಗೂ ಪೆಟ್ಟಾಗಲಿಲ್ಲ. ಮರ ಸಾಗಿಸಲು ಬಂದವರು ಕೊಂಬೆ ರೆಂಬೆಗಳನ್ನೆಲ್ಲ ಯಂತ್ರಕ್ಕೆ ತುರುಕಿ ಪುಡಿ ಮಾಡಿದರು. ಕಾಂಡಕ್ಕೆ ಕೈ ಹಾಕುವಾಗ ಮನೆಯ ಯಜಮಾನ ಗುರುಸಿದ್ದ ಅಡ್ಡ ನಿಂತ. ಇದು ಇಲ್ಲೇ ಬಿದ್ದಿರಲಿ, ನಾನೇ ಹಲಗೆ ಕೊಯ್ಯುತ್ತೇನೆ ಎಂದ. ಅವರಿಗೆ ಭಾರ ಕಡಿಮೆಯಾಯಿತು, ಹೊರಟುಹೋದರು. ಮನೆಯವರಿಗೆ ಅಂದಿನಿಂದ ಭಾರ ಶುರುವಾಯಿತು.

ಗುರುಸಿದ್ದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಕಾರಿನ ಬಾಗಿಲಿನ ಕೀಲು, ಬೀಗ, ಹಿಡಿ ಇಷ್ಟನ್ನೇ ಕಂಪ್ಯೂಟರಿನ ಪರದೆಯ ಮೇಲೆ ನೋಡುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಸ್ವಂತ ಕೈಯಿಂದ ಒಂದು ಸ್ಟೂಲನ್ನೂ ಮಾಡಿದವನಲ್ಲ. ಆದರೂ ಆ ವಾರವೇ ಹೋಗಿ ದೊಡ್ಡದೊಂದು ಚೈನ್ ಸಾ, ಮೋಟಾರಿನ ಗರಗಸ, ತಂದ. ಅದರ ಉದ್ದನೆಯ ಪಟ್ಟಿಗೆ ಬಿಗಿಯುವ ಅಲ್ಯೂಮಿನಿಯಂ ಚೌಕಟ್ಟನ್ನೂ ತಂದ. ಮಲಗಿದ ದಿಮ್ಮಿಯ ಮೇಲೆ ಚೌಕಟ್ಟು ಜಾರುತ್ತ ಹೋದರೆ ಕೆಳಗೆ ಗರಗಸ ಮಟ್ಟವಾಗಿ ಸೀಳುತ್ತ ಬರುತ್ತದೆ. ಎಷ್ಟು ದಪ್ಪದ ಹಲಗೆ ಬೇಕೋ ಅಷ್ಟಕ್ಕೆ ತಿರುಪು ಏರಿಸಬೇಕು. ಒಬ್ಬರು ಮೋಟಾರಿನ ತುದಿ ಹಿಡಿದು ನೂಕಬೇಕು, ಇನ್ನೊಬ್ಬರು ಆಚೆ ತುದಿಯ ಹಿಡಿಕೆ ಹಿಡಿದು ಜೊತೆಗೆ ನಡೆಯಬೇಕು.

ಆಚೆ ತುದಿಗೆ ಮಗಳು ಶಿವಾನಿ ಸಿಕ್ಕಳು. ಲಿವೋನಿಯಾದಲ್ಲೇ ಒಂದು ಆಫೀಸಿನಲ್ಲಿ ಕೆಲಸ, ಮದುವೆಯ ತನಕ ತಂದೆತಾಯಿಯ ಮನೆಯಲ್ಲೇ ಇದ್ದಳು. ವೆಸ್ಟ್ ಬ್ಲೂಮ್‌ಫೀಲ್ಡ್‌ನ ಅಖಿಲ್ ಎಂಬ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಆ ಬೀಗರ ಮನೆಯಲ್ಲಿ ಹನ್ನೆರಡು ಜನ ಕೂರುವ ಊಟದ ಮೇಜಿದೆ. ಗುರುಸಿದ್ದನ ಮನೆಯ ಮೇಜಿಗೆ ಆರು ಜನ, ಏಳನೆಯವನು ತಟ್ಟೆ ಹಿಡಿದು ಸೋಫಾಕ್ಕೆ ಹೋಗಬೇಕು. ಅದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಇಡೀ ದಿಮ್ಮಿಯ ಉದ್ದಕ್ಕೆ ಒಂದೇ ಹಲಗೆ ತೆಗೆದು ಹದಿನಾಲ್ಕು ಜನರ ಮೇಜು ಮಾಡಿಸುವುದೆಂದು ಊಟಕ್ಕೆ ಕೂತಾಗ ಸಾರಿದ.

ಹೆಂಡತಿ ಪ್ರಭಾ ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಕೆಲಸ ಮುಗಿಸಿ ಬಂದು ಪಲ್ಯ ಬಡಿಸುತ್ತಿದ್ದಳು. "ಎಲ್ಲಿ ಇಡ್ತೀರಿ ಅದನ್ನ? ಗೋಡಿ ಒಡಸ್ತೀರೇನು?" ಎಂದಳು.

"ಬೇಕಾದ್ರ ಒಡಸ್ತೀನಿ."

ಆ ಮಾತು ಮುಗಿಯಲೆಂದು ಗುರುಸಿದ್ದನ ತಾಯಿ ಶಿವಕ್ಕ ಕಾಯುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು. ಗಂಡ ತೀರಿದ ಮೇಲೆ ನರಗುಂದದಿಂದ ಮಗನ ಜೊತೆಗೆ ಈ ದೇಶಕ್ಕೆ ಬಂದವಳು ಹಿಂದಿರುಗಿ ಹೋಗಲಿಲ್ಲ. ಮೊಣಕಾಲು ನೋವಿಗೆ ಚಕ್ರದ ವಾಕರ್ ಹಿಡಿದು ನಡೆಯುತ್ತಿದ್ದಳು, ಆದರೂ ದಿನಾ ಬೆಳಿಗ್ಗೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಡ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡುವುದನ್ನು ಬಿಟ್ಟಿರಲಿಲ್ಲ.

"ತಮ್ಮಾ, ಆ ಮರದಾಗ ನನಗೂ ಒಂದಿಷ್ಟು ಹಲಿಗಿ ಕೊಡು," ಎಂದಳು.

"ಯಾಕ ಯವ್ವಾ?"

"ಕುಂದ್ರಾಕ."

"ಚಲೋ ಮಣಿ ಮಾಡಿಸ್ತೀನಿ ತಗೋ."

"ಮಣಿ ಅಲ್ಲೋ. ಸುತ್ತ ನಾಕು, ತಳಕ್ಕೊಂದು, ಮ್ಯಾಲೊಂದು."

ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಪ್ರಭಾ ಸೌಟು ಹಿಡಿದ ಕೈ ಹಿಂದೆ ತೆಗೆದಳು. ಗುರುಸಿದ್ದ ಅರ್ಧ ರೊಟ್ಟಿ ತಟ್ಟೆಯಲ್ಲಿ ಬಿಟ್ಟು ಎದ್ದು ಹಿತ್ತಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಚೈನ್ ಸಾ ಶುರುವಾಯಿತು. ಏನನ್ನೂ ಕತ್ತರಿಸುತ್ತಿರಲಿಲ್ಲ, ಸುಮ್ಮನೆ ಓಡಿಸುತ್ತಿದ್ದ.

ಶಿವಕ್ಕನ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಫೆಬ್ರುವರಿಯಲ್ಲಿ ಸ್ಟರ್ಲಿಂಗ್ ಹೈಟ್ಸ್‌ನ ಗದಿಗೆಪ್ಪ ತೀರಿಕೊಂಡಿದ್ದರು. ರೋಣದ ಕಡೆಯವರು, ಇವರ ಹಾಗೆಯೇ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಅಂಥವರನ್ನು ಕೂರಿಸಿ ಮಣ್ಣು ಮಾಡುವುದು ರೂಢಿ. ಶಿವಕ್ಕನ ಗಂಡನನ್ನೂ ನರಗುಂದದ ಹೊಲದಲ್ಲಿ ಹಾಗೆಯೇ ಕೂರಿಸಿದ್ದರು. ಇಲ್ಲಿ ಗದಿಗೆಪ್ಪನ ಮಕ್ಕಳಿಗೆ ಅದಕ್ಕೆಲ್ಲ ಓಡಾಡಲು ತಿಳಿಯಲಿಲ್ಲ, ರಜೆಯೂ ಇರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿ ಒಲೆಯೊಳಗೆ ತಳ್ಳಿ ಗುಂಡಿ ಒತ್ತಿದರು. ಶಿವಕ್ಕ ದಪ್ಪ ಕೋಟು ತೊಟ್ಟು ಅಲ್ಲಿ ನಿಂತು ಎಲ್ಲ ನೋಡಿದಳು. ಮನೆ ಬಂದ ಮೇಲೆ ತನ್ನನ್ನು ಹೀಗೆ ಸುಡಬೇಡಿ ಎಂದು ಪ್ರಭಾಳಿಗೆ ಹೇಳಿದಳು. ಪ್ರಭಾ ಗಂಡನಿಗೆ ಹೇಳಿದಳು. ಅವನು ಆಮೇಲೆ ನೋಡೋಣ ಎಂದ. ಈ ಆಮೇಲೆ ಎಂಬುದು ಎಂದೂ ಬರುವುದಿಲ್ಲ. ಅದು ಮುದುಕಿಗೆ ಚೆನ್ನಾಗಿ ಗೊತ್ತಿತ್ತು.

ಜೂನ್ ತಿಂಗಳ ಶನಿವಾರ, ಭಾನುವಾರಗಳೆಲ್ಲ ಗರಗಸಕ್ಕೆ ಹೋದವು. ಮೊದಲ ಕೊಯ್ತಕ್ಕೆ ದಿಮ್ಮಿಯ ಮೇಲೆ ಅಲ್ಯೂಮಿನಿಯಂ ಏಣಿಯನ್ನು ಮಲಗಿಸಿ ತಿರುಪು ಹಾಕಿದರು, ಚೌಕಟ್ಟು ಅದರ ಮೇಲೆ ಜಾರಿತು. ಎರಡನೆಯದರಿಂದ ಹಲಗೆಗಳು ಬಿಡಿಸಿಕೊಂಡು ಬರತೊಡಗಿದವು. ಬಣ್ಣ ಚಂದ, ಬೆಲ್ಲದ ಪಾಕದ ಬಣ್ಣ. ಮೈ ಮಾತ್ರ ಉತ್ತ ಹೊಲ. ಅಡ್ಡಡ್ಡಕ್ಕೆ ಏಣು, ಏಣಿನ ಪಕ್ಕ ತಗ್ಗು. ಗರಗಸ ನಿಧಾನವಾದಾಗಲೆಲ್ಲ ಗುರುಸಿದ್ದ ಮೈಭಾರ ಹಾಕಿ ತಳ್ಳುತ್ತಿದ್ದ. ಅವನ ತುದಿ ಮುಂದೆ ಹೋಗುತ್ತಿತ್ತು, ಶಿವಾನಿಯ ತುದಿ ಹಿಂದೆ ಉಳಿಯುತ್ತಿತ್ತು. ಆಗ ನಿಲ್ಲಿಸಿ, ಕಿವಿಯ ಮೇಲಿನ ಮುಚ್ಚಳ ಕಿತ್ತು, ಬೈಯುತ್ತಿದ್ದ. ಬೈದು ಮುಗಿಸಿ ಮತ್ತೆ ಶುರು ಮಾಡಿದ ಜಾಗದಲ್ಲಿ ಹಲಗೆಯ ಮೇಲೆ ಒಂದು ಏಣು ಎದ್ದಿರುತ್ತಿತ್ತು.

"ಅಪ್ಪಾ, ಯು ಆರ್ ಪುಶಿಂಗ್ ಟೂ ಹಾರ್ಡ್," ಎನ್ನುತ್ತಿದ್ದಳು ಶಿವಾನಿ.

"ನೀ ಕೈ ಸಡ್ಲ ಬಿಡ್ತಿ, ಅದಕ್ಕ."

"ನೀವು ಪ್ರತಿ ಸಲ ನಿಲ್ಲಿಸಿದಾಗ್ಲೂ ಲೈನ್ ಬೀಳತ್ತೆ. ನಿಲ್ಲಿಸ್ಬೇಡಿ."

"ನೀ ತಪ್ಪು ಮಾಡ್ಬ್ಯಾಡ, ನಾ ನಿಲ್ಲಸಂಗಿಲ್ಲ."

ಮಧ್ಯಾಹ್ನ ಬಿಸಿಲು ಇಳಿದಾಗ ಶಿವಕ್ಕ ವಾಕರ್ ತಳ್ಳಿಕೊಂಡು ಬಂದು ಹಲಗೆಯ ಮೇಲೆ ಅಂಗೈ ಆಡಿಸುತ್ತಿದ್ದಳು. "ಇಲ್ಲೆ ಬೈದಿ. ಇಲ್ಲೆ ಜೋರ ಬೈದಿ. ಇಲ್ಲೆ ಹುಡುಗಿ ತಿರುಗಿ ಬೈದ್ಲು," ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಶಿವಾನಿ ನಗುತ್ತಿದ್ದಳು, ಗುರುಸಿದ್ದ ನಗುತ್ತಿರಲಿಲ್ಲ. ನಗು ಆದ ಮೇಲೆ ಮುದುಕಿ ಮೆಲ್ಲಗೆ ತನ್ನ ಮಾತು ತೆಗೆಯುತ್ತಿದ್ದಳು. ತಮ್ಮಾ, ನಾ ಹೇಳಿದ್ದು ಏನ್ ಮಾಡಿದಿ? ಅಷ್ಟು ಕೇಳಿದ್ದೇ ತಡ, ಅವನು ಮುಚ್ಚಳವನ್ನು ಕಿವಿಗೆ ಹಾಕಿಕೊಂಡು ಗರಗಸ ಚಾಲೂ ಮಾಡುವ ಹಗ್ಗ ಎಳೆಯುತ್ತಿದ್ದ. ಆ ಸದ್ದಿನಲ್ಲಿ ಯಾರ ಮಾತೂ ನಿಲ್ಲುವುದಿಲ್ಲ.

ಮನೆಯೊಳಗೆ ಎಲ್ಲ ಕಡೆ ಕಂದು ಪುಡಿ. ಒಗೆದ ಬಟ್ಟೆಯಲ್ಲಿ, ಹಿಟ್ಟಿನ ಡಬ್ಬಿಯ ಮೇಲೆ, ಶಿವಕ್ಕನ ಹಾಸಿಗೆಯಲ್ಲಿ. ಹಲಗೆಗಳನ್ನು ಗ್ಯಾರೇಜಿನಲ್ಲಿ ಪೇರಿಸಿದ್ದರಿಂದ ಪ್ರಭಾಳ ಕಾರು ಹೊರಗೆ ನಿಲ್ಲತೊಡಗಿತು. ಚಳಿಗಾಲದಲ್ಲೂ ಹೀಗೇ ಇದ್ದರೆ ಹಿಮ ಕೆರೆಯುವವರು ಯಾರು ಎಂದು ಅವಳು ಕೇಳಿದಳು. ನಾನು ಕೆರೆಯುತ್ತೇನೆ ಎಂದ ಗುರುಸಿದ್ದ. ಮದುವೆಯಾದಾಗಿನಿಂದ ಅವನು ಕೆರೆದ ಹಿಮವನ್ನು ಒಂದು ಬುಟ್ಟಿಯಲ್ಲಿ ತುಂಬಬಹುದು ಎಂದಳು ಪ್ರಭಾ. ಪಕ್ಕದ ಮನೆಯವನು ಬೇಲಿಯ ಮೇಲಿಂದ ಇಣುಕಿ ಭಾನುವಾರವಾದರೂ ಸುಮ್ಮನಿರಬಾರದೇ ಎಂದು ಕೇಳಿಹೋದ. ಅವನ ಗ್ರಿಲ್ ಆಗಲೇ ಹೋಗಿತ್ತು, ಈಗ ನಿದ್ದೆಯೂ ಹೋಯಿತು.

ಮಗನಿಂದ ಉತ್ತರ ಬರದೆ ಶಿವಕ್ಕ ಮೊಮ್ಮಗಳನ್ನು ಹಿಡಿದಳು. ಇಲ್ಲಿಯ ಸುಡುಗಾಡಿನವರಿಗೆ ಫೋನ್ ಮಾಡಿ ಒಂದು ಮಾತು ಕೇಳು ಎಂದಳು. ಶಿವಾನಿ ಆಫೀಸಿನ ಊಟದ ವೇಳೆಯಲ್ಲಿ ಕಾರಿನಲ್ಲಿ ಕೂತು ಮೂರು ನಾಲ್ಕು ಕಡೆ ವಿಚಾರಿಸಿದಳು. ಇಬ್ಬರು ಆಗುವುದಿಲ್ಲ ಎಂದರು. ಇಪ್ಪತ್ತು ಮೈಲಿ ಆಚೆಗಿನ ಹಳೆಯ ಸ್ಮಶಾನದ ಹೆಂಗಸು ಮಾತ್ರ ಸಮಾಧಾನದಿಂದ ಕೇಳಿಸಿಕೊಂಡಳು. ಕೂರಿಸಿದರೂ ಸರಿ, ಮಲಗಿಸಿದರೂ ಸರಿ, ಆಳ ತೋಡುತ್ತೇವೆ, ಆದರೆ ಗಟ್ಟಿ ಪೆಟ್ಟಿಗೆ ಬೇಕು, ಆ ಅಳತೆಯದು ನಮ್ಮಲ್ಲಿ ಸಿಗುವುದಿಲ್ಲ, ನೀವೇ ಮಾಡಿಸಿಕೊಂಡು ಬರಬೇಕು ಎಂದಳು. ಶಿವಾನಿ ಅದನ್ನು ಅಜ್ಜಿಗೆ ಹೇಳಿದಳು. ಅಪ್ಪನಿಗೆ ಹೇಳುವ ಧೈರ್ಯ ಅವಳಿಗೂ ಆಗಲಿಲ್ಲ.

ಜುಲೈ ಮೊದಲ ವಾರ ಬೀಗರು ಊಟಕ್ಕೆ ಬಂದರು. ಅಖಿಲ್ ಮತ್ತು ಅವನ ತಾಯಿ ಅನುರಾಧಾ. ಮೈಸೂರಿನವರು, ಮೆತ್ತಗೆ ಮಾತಾಡುವ ಹೆಂಗಸು. ಪ್ರಭಾ ಎರಡು ದಿನದಿಂದ ಪುಡಿ ಒರೆಸಿ ಒರೆಸಿ ಮನೆ ಹಸನು ಮಾಡಿದ್ದಳು. ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ. ಗುರುಸಿದ್ದ ಅಖಿಲ್‌ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಹಲಗೆ ತೋರಿಸಿದ. ಹುಡುಗ ಕೈಯಾಡಿಸಿ, ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಸರಿಹೋಗಬಹುದು ಅಂಕಲ್ ಎಂದ. ಅಷ್ಟಕ್ಕೇ ಗುರುಸಿದ್ದನ ಮುಖ ಬಿಗಿಯಿತು.

ಊಟದ ನಡುವೆ ಅನುರಾಧಾ ಸುಮ್ಮನೆ ಮಾತಿಗೆ ಮಾತು ಸೇರಿಸಲು ಮುದುಕಿಯತ್ತ ತಿರುಗಿದಳು. "ಏನಜ್ಜಿ, ಮೊಮ್ಮಗಳ ಮದುವೆ ಅಂತ ಖುಷೀನಾ?"

"ಖುಷಿ ಐತಿ. ನಿಮ್ಮೊಳಗ ಸುಡ್ತಾರೋ, ಹೂಳ್ತಾರೋ?"

ಅನುರಾಧಾಳ ಕೈ ಹುಗ್ಗಿಯ ಬಟ್ಟಲಿನಲ್ಲೇ ನಿಂತಿತು. "ಸುಡ್ತೀವಿ... ಯಾಕಜ್ಜಿ?"

"ನಮ್ಮನ್ನ ಕುಂದ್ರಸ್ತಾರ. ಇಲ್ಲೆ ಕುಂದ್ರಸಬೇಕಂದ್ರ ಪೆಟಗಿ ಬೇಕಂತ. ಹುಡುಗಿ ಫೋನ್ ಹಚ್ಚಿ ಕೇಳ್ಯಾಳ. ಇಂವ ಹಲಿಗಿ ಕೊಡವಲ್ಲ."

"ಸಿಟ್ಟಿಂಗ್ ಅಪ್?" ಎಂದ ಅಖಿಲ್. "ಅಜ್ಜಿ, ದಟ್ಸ್ ಆಕ್ಚುಯಲಿ ಕೂಲ್." ಶಿವಾನಿ ಮೇಜಿನ ಕೆಳಗೆ ಅವನ ಕಾಲು ತುಳಿದಳು.

ಗುರುಸಿದ್ದ ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಫೋನಿನ ವಿಷಯ ತನಗೊಬ್ಬನಿಗೇ ಗೊತ್ತಿಲ್ಲ ಎಂದು ಅವನಿಗೆ ಅನ್ನಿಸಿತು. "ಯವ್ವಾ, ಉಣ್ಣೂ ಮುಂದ ಹೆಣದ ಮಾತು ಬ್ಯಾಡ," ಎಂದ.

"ಮತ್ಯಾವಾಗ ಆಡ್ಲೋ? ಉಳಿದ ಹೊತ್ತಿನ್ಯಾಗ ನೀ ಮಿಶಿನ್ ಚಾಲೂ ಮಾಡ್ತಿ."

ಬೀಗರು ಕಾಫಿ ಕುಡಿಯದೆ ಹೊರಟರು. ಅನುರಾಧಾ ಬಾಗಿಲಲ್ಲಿ ಶಿವಕ್ಕನ ಕಾಲು ಮುಟ್ಟಿ, ಪ್ರಭಾಳ ಕೈ ಅದುಮಿ, ಏನೂ ಅಂದುಕೊಳ್ಳಬೇಡಿ ಎಂದಳು. ಕಾರು ಮರೆಯಾದದ್ದೇ ತಡ, ಮನೆಯಲ್ಲಿ ರಂಪ. ಮಗಳು ಹಿಂದಿನಿಂದ ಫೋನ್ ಮಾಡಿದ್ದು ತಪ್ಪು, ಹೆಂಡತಿ ಮುಚ್ಚಿಟ್ಟದ್ದು ತಪ್ಪು, ತಾಯಿ ಬೀಗರ ಎದುರು ಮಾನ ಕಳೆದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ಗುರುಸಿದ್ದ ಒಬ್ಬೊಬ್ಬರ ಮುಂದೆ ನಿಂತು ಕೂಗಾಡಿದ. ತನಗೂ ಫೋನಿನ ವಿಷಯ ಗೊತ್ತಿರಲಿಲ್ಲ ಎಂದು ಪ್ರಭಾ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಶಿವಕ್ಕ ಉಳಿದ ಹುಗ್ಗಿಯನ್ನು ಬಟ್ಟಲಿಗೆ ಹಾಕಿಕೊಂಡು ತಿನ್ನುತ್ತ ಕೂತಿದ್ದಳು.

ಮರುದಿನ ಅವನು ಗರಗಸದ ಮೇಲೆ ಸಿಟ್ಟು ತೀರಿಸಿಕೊಳ್ಳಲು ಹೋದ. ಶಿವಾನಿ ಬರುವುದಿಲ್ಲ ಎಂದಳು, ಆಮೇಲೆ ಅವನು ಒಬ್ಬನೇ ಹೆಣಗುವುದನ್ನು ನೋಡಲಾರದೆ ಕೈಗವಸು ಹಾಕಿಕೊಂಡು ಬಂದಳು. ಇಬ್ಬರೂ ಮುಖ ನೋಡಲಿಲ್ಲ. ಅವನು ತಳ್ಳಿದ, ಇನ್ನೂ ತಳ್ಳಿದ. ಹಿಂದೆ ಕೊಂಬೆ ಕವಲೊಡೆದಿದ್ದ ಜಾಗಕ್ಕೆ ಬಂದಾಗ ದಿಮ್ಮಿಯೊಳಗಿಂದ ಕಿಡಿ ಹಾರಿತು. ಕರ್ಕಶ ಸದ್ದು, ಸುಟ್ಟ ವಾಸನೆ. ಗರಗಸ ನಿಂತಿತು. ಹೊರಗೆ ಎಳೆದು ನೋಡಿದರೆ ಚೈನಿನ ಹಲ್ಲುಗಳೆಲ್ಲ ಮೊಂಡಾಗಿದ್ದವು.

ಕೊಡಲಿಯಿಂದ ಕಡಿದು ನೋಡಿದರು. ಮರದ ಒಳಗೆ ಒಂದು ಕಬ್ಬಿಣದ ಕೊಂಡಿ. ಸುತ್ತ ಕಟ್ಟಿಗೆ ಶಾಯಿ ಚೆಲ್ಲಿದ ಹಾಗೆ ಕಪ್ಪು ನೀಲಿ. ಶಿವಕ್ಕ ಈ ದೇಶಕ್ಕೆ ಬಂದ ಮೊದಲ ವರ್ಷ ನಾಗರ ಪಂಚಮಿಗೆ ಮೊಮ್ಮಗಳಿಗೆ ಜೋಕಾಲಿ ಬೇಕೆಂದು ಹಟ ಹಿಡಿದಿದ್ದಳು. ಆಗ ಹೊಡೆದ ಕೊಂಡಿ. ಮರ ಅದನ್ನು ನುಂಗಿ ಮೇಲೆ ತೊಗಟೆ ಬೆಳೆಸಿಕೊಂಡಿತ್ತು.

"ನಿನ್ನ ಪಂಚಮಿ, ನಿನ್ನ ಜೋಕಾಲಿ," ಎಂದ ಗುರುಸಿದ್ದ, ಮೆಟ್ಟಿಲ ಮೇಲೆ ಬಂದು ನಿಂತ ತಾಯಿಗೆ.

"ನಾ ಹಗ್ಗ ಕಟ್ಟು ಅಂದಿದ್ನಿ. ಕೊಂಡಿ ಹೊಡದಾಂವ ನೀನು. ಹಗ್ಗ ಜಾರ್ತೈತಿ, ನಾ ಎಂಜಿನಿಯರ್ ಅದೀನಿ, ನನಗ ಹೇಳ್ಬ್ಯಾಡ ಅಂದಿ."

ಶಿವಾನಿಗೆ ನಗು ತಡೆಯಲಾಗಲಿಲ್ಲ. ಗುರುಸಿದ್ದ ಕೈಗವಸು ಕಿತ್ತು ಹುಲ್ಲಿನ ಮೇಲೆ ಬಿಸಾಡಿ ಒಳಗೆ ಹೋದ. ದಿಮ್ಮಿಯ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಬಿತ್ತು. ಆಮೇಲೆ ಮೂರು ವಾರ ಯಾರೂ ಅದನ್ನು ತೆಗೆಯಲಿಲ್ಲ.

ಸದ್ದು ನಿಂತ ಮನೆಯಲ್ಲಿ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೆಲಸದಿಂದ ಬಂದರೆ ಟಿವಿ ಹಾಕುವನು, ಆರಿಸುವನು. ಫ್ರಿಜ್ ತೆರೆದು ಮುಚ್ಚುವನು. ಪಂಚಮಿ ಬಂತು. ಶಿವಕ್ಕ ಕೂತಲ್ಲೇ ಸೊಸೆಗೆ ಹೇಳಿ ಉಂಡಿ, ಅಳ್ಳಿಟ್ಟು ಮಾಡಿಸಿದಳು. ಜೋಕಾಲಿಯ ಮಾತು ಎತ್ತಲಿಲ್ಲ. ಹಲಗೆಯ ಮಾತನ್ನೂ ಎತ್ತಲಿಲ್ಲ. ಅದೇ ವಿಚಿತ್ರ. ಬೀಗರ ಊಟದ ನಂತರ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ತನ್ನ ಕೋಣೆಗೆ ಹೋಗುತ್ತಿದ್ದಳು. ಮಗ ಎದುರಿಗೆ ಬಂದರೆ ದಾರಿ ಬಿಡಲು ವಾಕರನ್ನು ಗೋಡೆಗೆ ಸರಿಸುತ್ತಿದ್ದಳು.

ಹಬ್ಬದ ಮಾರನೆಯ ದಿನ ಪ್ರಭಾ ಪಾತ್ರೆ ಒರೆಸುತ್ತ ಗಂಡನನ್ನು ಅಡಿಗೆಮನೆಯಲ್ಲಿ ತಡೆದಳು.

"ಅವರಿಗೊಂದು ಉತ್ತರ ಕೊಡ್ರಿ."

"ಏನ್ ಕೊಡ್ಲಿ? ಜೀವಂತ ಇದ್ದಾಕಿಗೆ ಪೆಟಗಿ ಮಾಡಿ ಗ್ಯಾರೇಜಿನ್ಯಾಗ ಇಟ್ಟು ದಿನಾ ಅದರ ಮುಂದ ಅಡ್ಡಾಡ್ಲೇನು?"

"ಹಂಗಾದ್ರ ಆಗಂಗಿಲ್ಲ ಅನ್ರಿ. ಸುಡ್ತೀನಿ ಅಂತ ಮುಖಾ ನೋಡಿ ಹೇಳ್ರಿ."

"ಹಂಗ ಹೆಂಗ ಹೇಳ್ಲಿ?"

"ಮತ್ತ ಏನ್ ಹೇಳ್ತೀರಿ? ನಾಳೆ ಗದಿಗೆಪ್ಪ ಕಾಕಾನ ಮಕ್ಕಳಂಗ ನಾವೂ ಅವಸರದಾಗ ಗುಂಡಿ ಒತ್ತೂದೇನು? ಆಮ್ಯಾಲೆ ನನ್ನ ಮುಂದ ಕುಂತು ಅಳಬ್ಯಾಡ್ರಿ. ಈಗ ಹೇಳಿದೀನಿ."

ಗುರುಸಿದ್ದ ಒಂದು ಉಂಡಿ ಬಾಯಿಗೆ ಹಾಕಿಕೊಂಡು ಹೊರಗೆ ಹೋದ.

ಅತ್ತ ಶಿವಾನಿ ಸುಮ್ಮನೆ ಕೂತಿರಲಿಲ್ಲ. ಅಷ್ಟು ದಿನ ತಾವು ಬಳಸಿದ್ದು ಮರವನ್ನು ಅಡ್ಡ ತುಂಡರಿಸುವ ಚೈನು, ಉದ್ದಕ್ಕೆ ಸೀಳುವುದಕ್ಕೆ ಬೇರೆಯದೇ ಇದೆ ಎಂದು ಓದಿ ತಿಳಿದುಕೊಂಡಿದ್ದಳು. ಅದರ ಹಲ್ಲುಗಳನ್ನು ಹೆಚ್ಚು ಓರೆಯಿಲ್ಲದೆ, ಬಹುಮಟ್ಟಿಗೆ ನೇರವಾಗಿ ಅರ ಹಾಕಿರುತ್ತಾರೆ. ಅದನ್ನು ತರಿಸಿ ತಂದೆಯ ಮುಂದಿಟ್ಟಳು. ಕೋನ ಬದಲಾದರೆ ಏನು ಮಹಾ ಆಗುತ್ತದೆ ಎಂದು ಅವನು ವಾದಿಸಿದ. ನೀವೇ ಹಾಕಿ ನೋಡಿ ಎಂದಳು. ಬೇರೆ ಕೆಲಸವಿಲ್ಲದೆ ಕೈ ಕಡಿಯುತ್ತಿದ್ದವನು ದಿಮ್ಮಿಯ ಕೊಂಡಿ ಕಿತ್ತೆಸೆದು ಹಾಕಿ ನೋಡಿದ. ಗರಗಸ ಎಗರುವುದು ಕಡಿಮೆಯಾಯಿತು. ಒಪ್ಪಿಕೊಳ್ಳಲಿಲ್ಲ, ಆದರೆ ತೆಗೆಯಲೂ ಇಲ್ಲ. ಮರುದಿನ ತಾನಾಗಿಯೇ ಕಾರಿನ ಜಾಕ್ ತಂದು ದಿಮ್ಮಿಯ ಒಂದು ತುದಿ ಎತ್ತಿದ. ಇಳಿಜಾರಾದರೆ ಗರಗಸ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ನೂಕುವ ಕೆಲಸವಿಲ್ಲ ಎಂದ. ಇದು ಒಳ್ಳೆಯ ಉಪಾಯವೇ. ಸೀಳಿದ ಸಂದು ಕೂಡಿಕೊಂಡು ಪಟ್ಟಿಯನ್ನು ಹಿಡಿಯದಂತೆ ಹಿಂದಿನಿಂದ ಬೆಣೆ ಬಡಿಯುತ್ತ ಬರುವುದನ್ನೂ ಕಲಿತರು. ಪ್ರತಿ ಕೊಯ್ತಕ್ಕೂ ಮೊದಲು ಶಿವಾನಿ ಹಲ್ಲು ಹಲ್ಲಿಗೂ ಒಂದೇ ಸಮ ಅರ ಉಜ್ಜಿದಳು.

ಕೊನೆಗೆ ಒಂದು ಕರಾರು ಹಾಕಿದಳು. ಗರಗಸ ದಿಮ್ಮಿಯೊಳಗೆ ಹೊಕ್ಕ ಮೇಲೆ ಹೊರಬೀಳುವ ತನಕ ಯಾರೂ ನಿಲ್ಲಿಸುವಂತಿಲ್ಲ, ಯಾರೂ ಬೈಯುವಂತಿಲ್ಲ. ಬೈಗಳೆಲ್ಲ ಕೊನೆಯಲ್ಲಿ ಒಟ್ಟಿಗೆ.

ಆ ಶನಿವಾರ ಬಂದ ಹಲಗೆಯನ್ನು ಇಬ್ಬರೂ ಮಗುಚಿ ನೋಡಿದರು. ಗರಗಸದ ಗುರುತು ಇತ್ತು, ಕೂದಲೆಳೆಯಂಥ ಸಣ್ಣ ಗೆರೆಗಳು. ಏಣು ಇರಲಿಲ್ಲ, ತಗ್ಗು ಇರಲಿಲ್ಲ. ಗುರುಸಿದ್ದ ಮೊಣಕಾಲೂರಿ ಕೂತು ಅದರ ಮೇಲೆ ಕೆನ್ನೆ ಇಟ್ಟು ಒಂದು ಕಣ್ಣಿನಲ್ಲಿ ಉದ್ದಕ್ಕೆ ನೋಡಿದ. ಬೈಗಳು ನೆನಪಾಗಲಿಲ್ಲ. ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಿದ. ಶಿವಕ್ಕ ಬೆರಳಿಟ್ಟು ಓದುವುದಕ್ಕೆ ಬರಲಿಲ್ಲ.

ಭಾನುವಾರ ದಿಮ್ಮಿಯ ನಡುವಿನ ಭಾಗಕ್ಕೆ ಬಂದಿದ್ದರು. ಎಲ್ಲಕ್ಕಿಂತ ಅಗಲವಾದ ಹಲಗೆ, ಮೇಜಿಗೆಂದು ಅವನು ಮೊದಲ ದಿನದಿಂದ ಕಣ್ಣಿಟ್ಟದ್ದು. ಗರಗಸ ಒಂದೇ ಸಮ ಹೋಗುತ್ತಿತ್ತು. ಪುಡಿ ಉದ್ದುದ್ದ ಎಳೆಯಾಗಿ ಬೀಳುತ್ತಿತ್ತು. ಅರ್ಧ ದಾಟಿದಾಗ ಗುರುಸಿದ್ದ ತಲೆ ಎತ್ತಿದ. ಶಿವಕ್ಕ ಹಿತ್ತಿಲ ಮೆಟ್ಟಿಲು ಇಳಿದು, ಹುಲ್ಲಿನ ಮೇಲೆ ವಾಕರ್ ಎತ್ತಿ ಎತ್ತಿ ಇಡುತ್ತ, ದಿಮ್ಮಿಯ ತುದಿಗೆ ಬಂದು ನಿಂತಿದ್ದಳು. ತುಟಿ ಅಲುಗಾಡಿತು. ಆಮೇಲೆ ಸದ್ದಿನಲ್ಲಿ ಹೇಳಿ ಪ್ರಯೋಜನವಿಲ್ಲ ಎಂಬಂತೆ ಬಾಯಿ ಮುಚ್ಚಿದಳು.

ಗುರುಸಿದ್ದ ಗರಗಸ ಆರಿಸಿದ.

"ಅಪ್ಪಾ, ನೋ. ಯಾಕೆ ನಿಲ್ಸಿದ್ರಿ?" ಎಂದಳು ಶಿವಾನಿ. "ಪರ್ಫೆಕ್ಟ್ ಆಗಿ ಬರ್ತಿತ್ತು."

ಅವನು ಕಿವಿಯ ಮುಚ್ಚಳ ತೆಗೆದ. "ಏನಂದಿ ಯವ್ವಾ?"

"ಏನಿಲ್ಲ. ರೊಟ್ಟಿ ಆರಾಕತ್ತಾವು."

"ಅಷ್ಟನ?"

"ಅಷ್ಟ."

ಮುದುಕಿ ವಾಕರ್ ತಿರುಗಿಸಿದಳು. ಚಕ್ರ ಹುಲ್ಲಿಗೆ ಸಿಕ್ಕಿ ತಡವಾಯಿತು. ಶಿವಾನಿ, ಬೇಗ ಶುರು ಮಾಡಿ, ಪಟ್ಟಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದಳು. ಗುರುಸಿದ್ದ ಹಗ್ಗ ಮುಟ್ಟಲಿಲ್ಲ.

"ಯವ್ವಾ," ಎಂದು ಕರೆದ. ಅವಳು ತಿರುಗಿದಳು. ಕೈಗವಸು ಕಳಚುತ್ತ, "ಎಷ್ಟು ಅಗಲ ಬೇಕು ನಿನಗ?" ಎಂದ.

ಯಾವುದಕ್ಕೆ ಎಂದು ಶಿವಕ್ಕ ಕೇಳಲಿಲ್ಲ. "ಕುಂತ್ರ ಮೊಣಕಾಲಿಗೆ ತಾಕಬಾರದು, ನೋಡು," ಎಂದಳು.

ಹಿಂದಿನ ದಿನದ ಹಲಗೆ ಹುಲ್ಲಿನ ಮೇಲೆ ಇಟ್ಟಿಗೆಗಳ ಮೇಲೆ ಮಲಗಿತ್ತು. ಅದರ ಮೇಲೆ ಕೂತು ತೋರಿಸು, ಅಳೆಯುತ್ತೇನೆ ಎಂದ ಗುರುಸಿದ್ದ. ಯಾರೂ ಊಟಕ್ಕೆ ಬರಲಿಲ್ಲವೆಂದು ಬೈಯಲು ಹೊರಗೆ ಬಂದ ಪ್ರಭಾ ಆ ಮಾತು ಕೇಳಿ ಹತ್ತಿರ ಬಂದಳು. ಅವಳೂ ಶಿವಾನಿಯೂ ಎರಡು ರಟ್ಟೆ ಹಿಡಿದು ಮುದುಕಿಯನ್ನು ಹಲಗೆಯ ಮೇಲೆ ಇಳಿಸಿದರು. ಶಿವಕ್ಕ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಮಡಚಿ ಚಕ್ಕಳಮಕ್ಕಳ ಹಾಕಿದಳು. ಸೆರಗು ಸರಿ ಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. ಎಡಗೈ ತಾನಾಗಿ ಮಡಿಲಿಗೆ ಬಂದು ತೆರೆದುಕೊಂಡಿತು.

ಗುರುಸಿದ್ದ ಟೇಪ್ ಎಳೆದ. ಈ ಮೊಣಕಾಲಿನಿಂದ ಆ ಮೊಣಕಾಲಿಗೆ. ಟೇಪಿನ ತುದಿ ಜಾರಿ ಪಟ್ಟನೆ ಸುತ್ತಿಕೊಂಡಿತು. ಮತ್ತೆ ಎಳೆದ. ಪ್ರಭಾ ತುದಿ ಹಿಡಿದಳು. ಬೆನ್ನಿನಿಂದ ಪಾದಕ್ಕೆ, ಹಲಗೆಯಿಂದ ನೆತ್ತಿಗೆ.

"ಮ್ಯಾಲೆ ಒಂದು ಗೇಣು ಬಿಡು," ಎಂದಳು ಶಿವಕ್ಕ. "ವಿಭೂತಿ ಹಿಡೀಬೇಕು, ಪತ್ರಿ ಹಿಡೀಬೇಕು. ಇಕ್ಕಟ್ಟ ಮಾಡ್ಬ್ಯಾಡ."

"ಮಾಡಂಗಿಲ್ಲ."

"ನಿಮ್ಮಪ್ಪಗ ಇಕ್ಕಟ್ಟ ಆಗಿತ್ತು. ಎಡಗಡೆ ಭುಜ ತಾಕ್ತಿತ್ತು. ಅವತ್ತ ಹೇಳಿದ್ರ ಯಾರ್ ಕೇಳ್ತಾರ."

ಗುರುಸಿದ್ದ ಎಡಗಡೆ ಮತ್ತೊಮ್ಮೆ ಅಳೆದ. ಟೇಬಲ್ಲಿನ ಗತಿ ಏನು ಎಂದು ಪ್ರಭಾ ಕೇಳಿದಳು. ಉಳಿದದ್ದರಲ್ಲಿ ಮಾಡಿದರಾಯಿತು, ಏಳನೆಯವನು ಸೋಫಾದಲ್ಲೇ ಕೂರಲಿ ಎಂದ. ಶಿವಕ್ಕ ಪಕ್ಕದಲ್ಲಿ ಅಂಗೈ ಆಡಿಸಿ, "ಇಷ್ಟು ನುಣ್ಣಗ ಯಾಕೋ? ಮಣ್ಣಾಗ ಹೋಗೂದು, ಯಾರ್ ನೋಡ್ತಾರ?" ಎಂದಳು. ಅವನು ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡ.

ಎಬ್ಬಿಸುವಾಗ ಶಿವಾನಿ ಒಂದು ಮಾತು ಹೇಳಿದಳು. "ಆದ್ರೆ ಅಪ್ಪಾ, ಈಗ್ಲೇ ಬಾಕ್ಸ್ ಮಾಡಕ್ಕಾಗಲ್ಲ. ಹಸಿ ಕಟ್ಟಿಗೆ, ಸೊಟ್ಟ ಆಗತ್ತೆ. ಗಾಳಿಗೆ ಒಣಗ್ಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತಾರೆ."

"ಇದು ಎಷ್ಟು ದಪ್ಪ ಐತಿ?" ಎಂದಳು ಶಿವಕ್ಕ.

"ಒಂದೂವರೆ."

"ಒಂದೂವರಿ ವರ್ಷ," ಎಂದು ಮುದುಕಿ ವಾಕರ್ ಹಿಡಿದು ನಿಂತು ಯೋಚಿಸಿದಳು. "ಆತು. ಒಣಗೂತನಾ ತಡೀತೀನಿ. ಬರ್ರಿ, ರೊಟ್ಟಿ ಕಟಕ ಆದ್ವು."

ಎಲ್ಲರೂ ಒಳಗೆ ಹೋಗಿ ಉಂಡರು. ರೊಟ್ಟಿ ನಿಜವಾಗಿಯೂ ಕಟಕಾಗಿತ್ತು, ಸಾರಿನಲ್ಲಿ ಅದ್ದಿ ತಿಂದರು. ಶಿವಕ್ಕ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಉಂಡ ಮೇಲೆ ತಂದೆ ಮಗಳು ಹೋಗಿ ಅರ್ಧಕ್ಕೆ ನಿಂತ ಕೊಯ್ತ ಮುಗಿಸಿದರು. ನಿಲ್ಲಿಸಿದ ಜಾಗದಲ್ಲಿ ಹಲಗೆಯ ಅಡ್ಡಕ್ಕೆ ಒಂದು ಏಣು ಉಳಿಯಿತು. ಉಜ್ಜಿ ತೆಗೆಯಬಹುದು ಎಂದಳು ಶಿವಾನಿ. ಇರಲಿ ಬಿಡು ಎಂದ ಗುರುಸಿದ್ದ.

ಮುಂದಿನ ಹಲಗೆಗೆ ಅವನು ಚೌಕಟ್ಟಿನ ತಿರುಪು ಸಡಿಲಿಸಿ ಏರಿಸತೊಡಗಿದ. ಎರಡರ ಗುರುತು ದಾಟಿತು. ಮತ್ತೂ ಏರಿಸಿ ಬಿಗಿ ಮಾಡಿದ.

ಶಿವಾನಿ ಬಗ್ಗಿ ಅಳತೆ ನೋಡಿದಳು. "ಅಪ್ಪಾ, ದಿಸ್ ಈಸ್ ಫೋರ್ ಇಂಚಸ್. ಬಾಕ್ಸಿಗೆ ಇಷ್ಟು ದಪ್ಪ ಬೇಡ. ಒಣಗಕ್ಕೇ ನಾಲ್ಕು ವರ್ಷ ಬೇಕು."

"ಗೊತ್ತೈತಿ, ನಿನ್ನ ತುದಿ ಹಿಡಿ," ಎಂದು ಗುರುಸಿದ್ದ ಹಗ್ಗ ಎಳೆದ.